ರಂಗೋಲಿಗೆ ಕೊಟ್ಟ ಮನೆ ಕೀಲಿ

ದಾವಣಗೆರೆ,
ಫೆಬ್ರವರಿ ೩೧, ೨೧೯೪

ಪೂಜ್ಯ ವಿಶಾಲಾಕ್ಷಜ್ಜಿಯವರಿಗೆ ನಿಮ್ಮ ಮರಿಮಗಳ ಮರಿಮಗಳು ಇಬ್ಬನಿ ಮಾಡುವ ನಮಸ್ಕಾರಗಳು.

ಇನ್ನೂ ಕಾಲೇಜು ಮುಗಿಸದ ನಿಮ್ಮನ್ನು ಅಜ್ಜಿ ಎಂದದ್ದಕ್ಕೆ ಕ್ಷಮೆಯಿರಲಿ. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಅದಕ್ಕೂ. ಮೇಲಿನ ತಾರೀಖು ಮಾತ್ರ ಕೈತಪ್ಪಲ್ಲ. ಕ್ಯಾಲೆಂಡರ್ ತಿದ್ದುವ ಹಕ್ಕನ್ನು ನೀವೇ ಒಂದು ರಂಗೋಲಿ ಆ್ಯಪಿಗೆ ಕೊಟ್ಟಿರಿ. ಅದು ತನಗೆ ಬೇಕೆನಿಸಿದಾಗ ನಮಗೊಂದೆರಡು ದಿನ ಸೇರಿಸುತ್ತದೆ.

ನೆನಪಿದೆಯೇ? ಕಳೆದ ದೀಪಾವಳಿಗೆ ನವಿಲಿನ ರಂಗೋಲಿ ಬೇಕೆಂದು ಅದನ್ನು ಹಾಕಿಕೊಂಡಿರಿ. ಅದು ನಿಮ್ಮ ಮೇಲ್, ಫೋಟೊ, ಗೆಳತಿಯರ ನಂಬರು, ಕ್ಯಾಲೆಂಡರ್ ಎಲ್ಲವನ್ನೂ ಓದಲು, ತಿದ್ದಲು, ಅಳಿಸಲು ಅನುಮತಿ ಕೇಳಿತು. ಹೆಸರೇನೋ ವಿಶಾಲಾಕ್ಷಿ, ಸಣ್ಣಕ್ಷರ ಮಾತ್ರ ಕಣ್ಣಿಗೆ ಬೀಳಲಿಲ್ಲ. ಒಪ್ಪಿಗೆ ಒತ್ತಿದಿರಿ. ಚುಕ್ಕಿ ಇಡಲು ಬಂದವರಿಗೆ ಬೀರುವಿನ ಕೀಲಿ ಏಕೆ ಬೇಕಿತ್ತೆಂದು ನಾನು ಬಹಳ ಹುಡುಕಿದೆ. ಆ ಕಂಪನಿಯವರು ಕಳ್ಳರೇನಲ್ಲ. ಬೇಕಾದಷ್ಟನ್ನೇ ಕೇಳಲು ಕೂತು ಯೋಚಿಸಬೇಕು, ಎಲ್ಲವನ್ನೂ ಕೇಳಲು ಒಂದು ಗೆರೆ ಬರೆದರೆ ಸಾಕು. ನಾಳೆ ಹೊಸದೇನಾದರೂ ಸೇರಿಸಿದರೆ ಮತ್ತೆ ಕೇಳುವ ಮುಜುಗರ ಬೇಡವೆಂಬ ಮುಂದಾಲೋಚನೆ ಬೇರೆ. ಕೇಳಿದ್ದನ್ನೆಲ್ಲ ಜನ ಕೊಡುತ್ತಲೂ ಇದ್ದರು. ಹಬ್ಬ ಮುಗಿದ ಮೇಲೆ ನೀವು ಫೋನಿನಿಂದ ಆ್ಯಪ್ ಅಳಿಸಿದಿರಿ. ಅನುಮತಿ ಅಳಿಯಲಿಲ್ಲ, ಮನೆ ಅಳಿಯನಾಗಿ ಉಳಿಯಿತು.

ಕಂಪನಿ ಮುಳುಗಿದಾಗ ಅದರ ಕೀಲಿಗಳನ್ನು ಇನ್ನೊಬ್ಬರು ಕೊಂಡರು, ಅವರಿಂದ ಮತ್ತೊಬ್ಬರು. ನಮ್ಮಲ್ಲಿ ಬಾಗಿಲು, ಒಲೆ, ತೊಟ್ಟಿಲು ಎಲ್ಲವೂ ಕುಟುಂಬದ ಒಂದೇ ಖಾತೆಗೆ ಸೇರಿವೆ, ನೀವು ತೆರೆದ ಅದೇ ಖಾತೆಗೆ. ಹಿರಿಯರು ಕೊಟ್ಟ ಅನುಮತಿಗಳೂ ವಂಶದ ಜೊತೆ ಇಳಿದುಬರುತ್ತವೆ. ಇದಕ್ಕೆ ಒಪ್ಪಿಗೋತ್ರ ಎನ್ನುತ್ತೇವೆ. ಬೆಳಿಗ್ಗೆ ಬಾಗಿಲು ತೆರೆಯಬೇಕಾದರೆ ಅದರ ಪರದೆಯ ಮೇಲೆ ಈಗಿನ ಒಡೆಯರ ನವಿಲು ಗರಿಬಿಚ್ಚಿ ಕುಣಿದು ಮುಗಿಸಬೇಕು. ಅಲ್ಲಿಯವರೆಗೆ ಚಪ್ಪಲಿ ಮೆಟ್ಟಿಕೊಂಡು ಒಳಗೇ ನಿಂತಿರುತ್ತೇವೆ. ಅನುಮತಿ ಹಿಂಪಡೆಯೋಣವೆಂದರೆ ಕೊಟ್ಟವರೇ ಬರಬೇಕಂತೆ. ನೀವು ಫೋಟೊದಲ್ಲಿ ನಗುತ್ತಿದ್ದೀರಿ.

ನಾಳೆ ನನ್ನ ಮಗಳ ನಾಮಕರಣ. ಕಿವಿಯಲ್ಲಿ ಹೆಸರು ಹೇಳಿದೊಡನೆ ತೊಟ್ಟಿಲು ಕೇಳಿಸಿಕೊಂಡು ಅವಳನ್ನೂ ಖಾತೆಗೆ ಸೇರಿಸುತ್ತದೆ. ಆಮೇಲೆ ಅವಳ ಅಳು, ಜ್ವರ, ಮುಂದೆ ಅವಳ ಪ್ರೇಮಪತ್ರ ಎಲ್ಲವೂ ಮೊದಲು ನವಿಲಿನ ಒಡೆಯರ ಕೈಗೆ. ಅದಕ್ಕೇ ಮುಂದೂಡುತ್ತ ಬಂದೆ. ಅತ್ತೆ ಪಾರ್ವತವ್ವ ರೇಗುತ್ತಾರೆ: “ಇನ್ನೆಷ್ಟ್ ದಿನ ಕೂಸನ್ನ ‘ಏಯ್’ ಅಂತ ಕರೀಬೇಕವ್ವ? ನವಿಲಿಗ್ ಹೆದ್ರಿ ಹೆಸ್ರಿಡದ ಮನೆ ಇದೊಂದೇ ನೋಡು!” ಹೀಗೆಂದವರೇ ಹೋಗಿ, ತೊಟ್ಟಿಲಿನ ಕೇಳುವ ಭಾಗಕ್ಕೆ ಕೌದಿ ತುರುಕಿ ಬರುತ್ತಾರೆ.

ಅಜ್ಜಿ, ಈಗಲೇ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿನ ಅನುಮತಿಯನ್ನು ತೆಗೆದುಹಾಕಿ. ಕಾಲದ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ಬರುವುದು ನಿಮ್ಮ ಮೇಲ್‌ಗೇ. ನಿಮಗಿಂತ ಮೊದಲು ನವಿಲು ಓದಿರುತ್ತದೆ, ಅಳಿಸಿದರೂ ಅಳಿಸೀತು. ಮಗುವಿನ ಹೆಸರನ್ನು ಇಲ್ಲಿ ಬರೆಯದಿರುವುದು ಅದಕ್ಕೇ. ನಾಳೆ ತಳ್ಳಿದೊಡನೆ ಬಾಗಿಲು ತೆರೆದುಕೊಂಡರೆ ನಿಮಗೆ ಪತ್ರ ತಲುಪಿತೆಂದು ತಿಳಿಯುತ್ತೇನೆ. ಆಮೇಲಷ್ಟೇ ಅವಳ ಕಿವಿಗೆ ಬಾಗುತ್ತೇನೆ.

ನಿಮ್ಮ ಕೈಬೆರಳನ್ನೇ ನಂಬಿರುವ,
ಇಬ್ಬನಿ