ಕಲ್ಲಾದ ಹಲ್ಲು

ಮನೆಯಿಂದ,
ಸೋಮವಾರ, ಮಧ್ಯಾಹ್ನ

ಮಗಳಂಥ ಸೊಸೆಗೆ, ನಿನ್ನ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ರೈಲು ಓಡಿಸುವುದನ್ನು ಕಲಿಯಲು ಹೋದವಳು ಊಟದಲ್ಲಿ ಮಾತ್ರ ಹಳಿ ತಪ್ಪಬೇಡ, ಹೊತ್ತಿಗೆ ಸರಿಯಾಗಿ ತಿನ್ನು. ದೇವರ ದಯೆಯಿಂದ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ, ನಿನ್ನ ರೈಲಿಗೇನೂ ಕಡಿಮೆಯಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಮಗಳು, ನಮ್ಮ ಅಳಿಲುಮರಿ, ಶಾಲೆಯಲ್ಲಿರುವಾಗ ನಿನಗೆ ಪುರುಸೊತ್ತಿಲ್ಲ, ನಿನಗೆ ಪುರುಸೊತ್ತಾದಾಗ ಅವಳ ಕಿವಿ ಬಾಗಿಲಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ.

ಹೋದ ಸಲ ನೀನು ಕೇಳಿದೆಯಲ್ಲ, “ಅತ್ತೆ, ಬಿಟ್ಟು ಬಂದೆ ಅಂತ ಅವಳಿಗೆ ನನ್ನ ಮೇಲೆ ಕೋಪಾನಾ? ಮುಖಾನೇ ತೋರಿಸಲ್ವಲ್ಲ” ಅಂತ. ನೀನು ಮುಖ ಕಾಣುವ ವಿಡಿಯೊ ಫೋನಿನಲ್ಲಿ “ಯಾರಮ್ಮಾ ಇದು, ಹೊಸ ಹುಡುಗಿ?” ಎಂದು ಛೇಡಿಸಿದರೆ ಕಿಲಕಿಲ ನಗುತ್ತಿದ್ದವಳು, ಮುಂದಿನ ಎರಡು ಹಲ್ಲು ಬಿದ್ದಾಗಿನಿಂದ ಫೋನು ಬಂದರೆ ಸಾಕು, ಮಂಚದಡಿ ಸೇರುತ್ತಿದ್ದಳು. ಬೇರೆ ಹೊತ್ತಿನಲ್ಲೂ ಬಾಯಿಗೆ ಅಂಗೈ ಅಡ್ಡ. ಯಾಕೆಂದು ಕೇಳಿದರೆ ಹಿತ್ತಲಿಗೆ ಓಡುತ್ತಿದ್ದಳು. “ಈ ಮಗುವಿನ ಮನಸ್ಸಿನ ಗಂಟು ನೀನೇ ಬಿಡಿಸಪ್ಪಾ” ಎಂದು ದಿನಾ ದೇವರ ಮುಂದೆ ಕೂತು ಬೇಡುತ್ತಿದ್ದೆ. ಅವನು ಬಿಡಿಸಿದ. ಎಲ್ಲಿ ಗೊತ್ತೇ? ಕಲ್ಲಾದ ಮೂಳೆಗಳ ಮುಂದೆ!

ನಿನ್ನೆ ಅವಳನ್ನು ಡೈನೋಸಾರ್‌ಗಳ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಹಜಾರ, ಕನ್ನಡಿಯಂಥ ನೆಲ, ನಡುವೆ ಸೂರಿಗೆ ತಲೆ ತಾಗುವಂಥ ಮೂಳೆಯ ಪ್ರಾಣಿ. ದೇವರು ಇಂಥದ್ದನ್ನೂ ಮಾಡಿದ್ದನಲ್ಲ ಎಂದು ಮೈ ಝುಮ್ಮೆಂದಿತು. ನನಗೇ ಅರಿವಿಲ್ಲದೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕೈಮುಗಿದುಕೊಂಡು ಒಳಗೆ ಹೋದೆ. ನಮ್ಮವಳೂ ಬಿಟ್ಟಳು. ಹಿಂದೆ ಬಂದ ಸಂಸಾರ ಇದೇ ಇಲ್ಲಿಯ ನಿಯಮ ಅಂದುಕೊಂಡು ತಾನೂ ಬಿಟ್ಟಿತು. ಅವರನ್ನು ನೋಡಿ ಅವರ ಹಿಂದಿನವರು. ನಾನೋ, ತಿರುಗಿ ನೋಡಿದವಳೇ ಅಲ್ಲ.

ಒಂದು ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಮುರಿದ ದವಡೆಯೊಂದಿತ್ತು. ಅಲ್ಲಿ ವಿವರಿಸಿ ಹೇಳುವ ಹುಡುಗಿ ಮಕ್ಕಳನ್ನು ಸುತ್ತ ಸೇರಿಸಿಕೊಂಡು, “ನೋಡಿ, ಹಳೇ ಹಲ್ಲಿನ ಬುಡದಲ್ಲಿ ಹೊಸದು ಕಾಯ್ತಾ ಕೂತಿದೆ. ಬದುಕಿರೋವರೆಗೂ ಇದಕ್ಕೆ ಹಲ್ಲು ಬೀಳ್ತಾನೇ ಇತ್ತು, ಬರ್ತಾನೇ ಇತ್ತು” ಎನ್ನುತ್ತಿದ್ದಳು. ನಮ್ಮವಳು ನನ್ನ ಬೆರಳು ಜಗ್ಗಿ, ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ಕೇಳಿದಳು: “ಅಜ್ಜಿ, ಹಲ್ಲು ಬಿದ್ದಾಗ ಇದರ ಅಮ್ಮನಿಗೆ ಇದರ ಗುರುತು ಸಿಗ್ತಿತ್ತಾ?”

ಆಗ ನನಗೆ ಎಲ್ಲ ಬೆಳಕಾಯಿತು. ಹಲ್ಲು ಬಿದ್ದ ದಿನ ನಿನ್ನ ಗಂಡ, “ಅಯ್ಯೋ ಬೊಚ್ಚುಬಾಯಿ! ನಿಮ್ಮಮ್ಮ ಇನ್ನು ಗುರುತೇ ಹಿಡಿಯಲ್ಲ ಬಿಡು” ಎಂದು ನಕ್ಕಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲ್ಲಿ ಅಳಿಲಿಗೆ!

ಮಗುವಿನ ಮಾತು ಆ ಹುಡುಗಿಗೂ ಕೇಳಿಸಿತು. ಪುಣ್ಯವಂತೆ, ನಗಲಿಲ್ಲ. ಮಂಡಿಯೂರಿ ಇವಳ ಸಮಕ್ಕೆ ಕೂತು, “ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಬಿದ್ದಿದ್ದ ಒಂದೇ ಒಂದು ಹಲ್ಲು ಸಿಕ್ಕಿದ್ರೂ ನಾವು ಇದು ಇಂಥಾ ಪ್ರಾಣೀದು ಅಂತ ಗುರುತು ಹಿಡೀತೀವಿ ಕಂದಾ. ನಾವೇನು ಅದರ ಅಮ್ಮನಾ? ನಿಮ್ಮಮ್ಮನಿಗೆ ಇಡೀ ನೀನೇ ಕಾಣ್ತೀಯ, ಗೊತ್ತಾಗಲ್ವಾ?” ಅಂದಳು.

ಮಗುವಿನ ಕೈ ಮೆಲ್ಲಗೆ ಅರ್ಧ ಇಳಿಯಿತು. ಪೂರ್ತಿ ಇಳಿಸಿದ್ದು ಮಾತ್ರ ಹಜಾರದ ಕಾವಲುಗಾರ. ಬಾಗಿಲ ಹತ್ತಿರ ಅವನ ಬೊಬ್ಬೆ: “ಯಾರ್ರೀ ಇಲ್ಲಿ ಚಪ್ಪಲಿ ಬಿಡೋಕೆ ಶುರು ಮಾಡಿದ್ದು? ಇದೇನು ಚಪ್ಪಲಿ ಅಂಗಡೀನಾ?” ತಿರುಗಿ ನೋಡುತ್ತೇನೆ, ಬೂಟು, ಚಪ್ಪಲಿ, ಮಕ್ಕಳ ಪುಟಾಣಿ ಶೂಗಳ ರಾಶಿ! ಇಡೀ ಹಜಾರ ಬರಿಗಾಲಲ್ಲಿ ನಿಂತಿದೆ. “ನಮ್ಮಜ್ಜೀನೇ! ನಮ್ಮಜ್ಜೀನೇ!” ಎಂದು ಎರಡೂ ಕೈಯಿಂದ ನನ್ನತ್ತ ತೋರಿಸಿ ನಕ್ಕಳು ನೋಡು ಮಹರಾಯ್ತಿ, ಆ ಎರಡು ಹಲ್ಲಿನ ಕಿಟಕಿ ಪೂರಾ ತೆರೆದು! ಅವಳನ್ನು ನೋಡಿ ಕಾವಲುಗಾರನೂ ನಕ್ಕುಬಿಟ್ಟ. ಆ ರಾಶಿಯಲ್ಲಿ ನನ್ನ ಚಪ್ಪಲಿ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಚಪ್ಪಲಿ ಹಾಗಿರಲಿ, ದೇವರಲ್ಲಿ ಬೇಡಿದ್ದು ಸಿಕ್ಕಿತಲ್ಲ.

ಅವಳಿಗೆ ನಿನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲ ಮಗಳೇ. ನಿನಗೆ ತನ್ನ ಗುರುತು ಸಿಗದೆ ಹೋದರೆ ಎಂಬ ಅಂಜಿಕೆ, ಅಷ್ಟೇ. ನಿಶ್ಚಿಂತೆಯಿಂದ ಕಲಿ. ನಿನ್ನ ಗಂಡನಿಗೆ ನಿನ್ನೆಯೇ ಮಂಗಳಾರತಿ ಮಾಡಿದ್ದೇನೆ, ಎದ್ದ ಮೇಲೆ ಇನ್ನೊಮ್ಮೆ ಇದೆ.

ನೀನು ಓಡಿಸುವ ಗಾಡಿಯ ಮುಂದೆ ಭಗವಂತ ಸದಾ ಹಸಿರು ದೀಪ ಹಿಡಿದು ನಿಂತಿರಲಿ.

ನಿನ್ನ ಅತ್ತೆ

ತಾ.ಕ.: ಅವಳು ಶಾಲೆಯಿಂದ ಬರುವ ಮುಂಚೆ ಬೇಗ ಬರೆದುಬಿಡುತ್ತೇನೆ. ಬರುವ ಭಾನುವಾರ ನಿನ್ನ ಫೋನನ್ನು ಅವಳೇ ಎತ್ತುತ್ತಾಳಂತೆ. ಮಾತಾಡುವುದಿಲ್ಲವಂತೆ. ಬಾಯಿ ಅಗಲಿಸಿ ಸುಮ್ಮನೆ ನಿಲ್ಲುತ್ತಾಳಂತೆ, ಯಾರು ಅಂತ ಅಮ್ಮನೇ ಹೇಳಲಿ ಎಂದು. ನಿನ್ನ ಬಾಯಿ ನನಗೆ ಗೊತ್ತಿಲ್ಲವೇ? ಈ ಸಲ ಮಾತ್ರ, ನಿನ್ನ ದಮ್ಮಯ್ಯ, ತಮಾಷೆಗೂ “ಯಾರಮ್ಮಾ ಇದು” ಅನ್ನಬೇಡ. ಮುಖ ಕಂಡ ಕೂಡಲೇ “ನನ್ನ ಅಳಿಲೇ!” ಎಂದು ಕೂಗಿಬಿಡು. ನಾನು ಹೇಳಿಕೊಟ್ಟೆ ಅಂತ ಮಾತ್ರ ಗೊತ್ತಾಗಬಾರದು.