ಎಡಗೈಯ ತೀರ್ಥ

ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ, ೧೪ನೇ ತಾರೀಖು

ಪ್ರೀತಿಯ ಪುಟ್ಟೀ,

ದೇವರಿಗೆ ಕೈಮುಗಿಯುವ ವಿದ್ಯೆಯಲ್ಲಿ ನಿನ್ನ ಸೋದರಮಾವನನ್ನು ಮೀರಿಸುವವನು ಈ ಭೂಮಂಡಲದಲ್ಲೇ ಹುಟ್ಟಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದು. ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹಾಸ್ಟೆಲಿನವರು ಆ ಕುಳಿಬಿದ್ದ ಮಂಚ ಬದಲಾಯಿಸಿದರೇ? ನಿನ್ನ ಅತ್ತೆ ಆರೋಗ್ಯವಾಗಿದ್ದಾಳೆ, ಹೊಸ ಹೊಲಿಗೆ ಯಂತ್ರದ ಕನಸಿನಲ್ಲಿದ್ದಾಳೆ. ನಾನೂ ಚೆನ್ನಾಗಿಯೇ ಇದ್ದೆ, ಮೊನ್ನೆಯ ತನಕ.

ದೇವರ ಪಟಕ್ಕೆ ಕಟ್ಟು ಹಾಕಿಸಲು ನಮ್ಮ ಅಂಗಡಿಗೆ ಬರುವವರನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು ಕಣೇ. ಒಬ್ಬ ಫೋನು ಹಿಡಿದ ಕೈಯಲ್ಲೇ ಎದೆ ಮುಟ್ಟಿಕೊಂಡು ಅದೇ ನಮಸ್ಕಾರ ಎನ್ನುತ್ತಾನೆ. ಇನ್ನೊಬ್ಬ ಸೊಳ್ಳೆ ಹೊಡೆದ ಹಾಗೆ ಚಪ್ಪೆಂದು ಕೈ ಬಡಿದು ಹೊರಟೇಬಿಡುತ್ತಾನೆ. ಇವರನ್ನೆಲ್ಲ ತಿದ್ದಬೇಕೆಂದು ‘ನಮಸ್ಕಾರದ ಕ್ರಮ’ ಎಂಬ ಪಟ ಅಚ್ಚು ಹಾಕಿಸಿದೆ. ಎಂಟು ಭಂಗಿ, ಎಂಟರಲ್ಲೂ ನಾನೇ. ಬೇರೆಯವರನ್ನು ಹುಡುಕಲು ನನಗೇನು ಮುಖವಿಲ್ಲವೇ? ನೀನು ಕೊಟ್ಟ ಹಳೇ ಫೋನನ್ನು ಗಾಜಿನ ಹಲಗೆಗಳಿಗೆ ಒರಗಿಸಿ, ನನ್ನ ಮುಖ ನನಗೇ ಕಾಣುವಂತೆ ಇಟ್ಟುಕೊಂಡು ಫೋಟೋ ತೆಗೆದೆ. ಐನೂರು ಪ್ರತಿ ಬಂದವು.

ಮೊನ್ನೆ ಅರ್ಚಕರು ಬಂದು ಪಟ ನೋಡಿ ಕನ್ನಡಕ ಒರೆಸಿಕೊಂಡರು. "ಏನಯ್ಯಾ, ತೀರ್ಥಾನೂ ಎಡಗೈಲೇ ತಗೊಳ್ತಿದ್ದೀಯಲ್ಲ!" ಜಪ್ಪಯ್ಯ ಎಂದರೂ ನಾನು ಒಪ್ಪಲಿಲ್ಲ. "ಮತ್ತೆ ನಿನ್ನ ಅಂಗಿ ಜೇಬು ಬಲಗಡೆಗೆ ಯಾವಾಗ ಬಂತಪ್ಪಾ?" ಎಂದರು. ಪಟವನ್ನು ಎದೆಯ ಪಕ್ಕ ಹಿಡಿದು ಜೇಬಿಗೆ ಜೇಬು ಹೋಲಿಸಿ ನೋಡಿದೆ. ನಿನ್ನ ಫೋನು ಕನ್ನಡಿಯ ಹಾಗೆ ಎಡವನ್ನು ಬಲ, ಬಲವನ್ನು ಎಡ ಮಾಡಿಟ್ಟಿದೆ! ಹೂವು ಏರಿಸುವುದು ಎಡಗೈಯಲ್ಲಿ. ಪ್ರದಕ್ಷಿಣೆ ಹಾಕುವಾಗ ದೇವರು ನನ್ನ ಎಡಕ್ಕೆ. ಮೊದಲ ಪ್ರತಿ ಕೊಂಡ ಎದುರುಮನೆ ಟೀಚರಮ್ಮ ನಾಲ್ಕು ದಿನ ಉಲ್ಟಾ ಸುತ್ತಿ, ತಲೆ ತಿರುಗುತ್ತಿದೆಯೆಂದು ನನಗೇ ಬೈದುಹೋದರು. ಹಾಳು ಫೋನು! ಕೊಡುವಾಗ ಒಂದು ಮಾತು ಹೇಳಬಾರದಿತ್ತೇನೇ?

ಅಚ್ಚಿನ ದುಡ್ಡು ಎಲ್ಲಿಂದ ಬಂತು ಎಂದು ನೀನು ಕೇಳಿಯೇ ಕೇಳುತ್ತೀಯ, ನಮ್ಮಕ್ಕನ ಮಗಳು ತಾನೇ. ಅತ್ತೆ ಯಂತ್ರಕ್ಕೆಂದು ಕೂಡಿಟ್ಟ ಡಬ್ಬಿಯಿಂದ ಸ್ವಲ್ಪ ತೆಗೆದಿದ್ದೆ. ಪಟ ಮಾರಿ ತುಂಬಿಬಿಡೋಣ ಎಂದಿದ್ದೆ. ಈಗ ಅವನ್ನು ಕೊಳ್ಳುವವರು ಯಾರು? ಯಂತ್ರ ತರಲು ಭಾನುವಾರ ಅವಳು ಡಬ್ಬಿ ತೆಗೆಯುತ್ತಾಳೆ.

ಊಟ ಬಿಡಬೇಡ, ಬೆನ್ನು ನೆಟ್ಟಗಿಟ್ಟು ಕೂರು. ಅಕ್ಕನಿಗೆ ಈ ಪತ್ರ ತೋರಿಸಬೇಡ.

ಸದಾ ನಿನ್ನ ಒಳಿತನ್ನೇ ಬಯಸುವ,
ಪಟದಂಗಡಿ ಮಾವ

ತಾ.ಕ.: ಶನಿವಾರವೇ ಹೊರಟು ಬಾ. ಎಂಟು ಭಂಗಿಗಳಲ್ಲಿ, ಎರಡೂ ಅಂಗೈ ಜೋಡಿಸಿ ಎದೆಗಿಟ್ಟುಕೊಂಡ ಚಿತ್ರವೊಂದೇ ಕನ್ನಡಿಯಲ್ಲೂ ಕೆಡದೆ ಉಳಿದಿದೆ. ಭಾನುವಾರ ಅತ್ತೆಯ ಮುಂದೆ ಹಾಗೆಯೇ ನಿಲ್ಲುತ್ತೇನೆ, ನೀನು ಪಕ್ಕದಲ್ಲಿರಬೇಕು. ಮೇಲೆ ಸ್ವಲ್ಪ ಎಂದು ಬರೆದೆನಲ್ಲ, ಅದು ನಲವತ್ತೊಂದು ಸಾವಿರ. ಡಬ್ಬಿಯಲ್ಲಿ ಇದ್ದದ್ದೂ ಅಷ್ಟೇ.