ಹಿರಿಯೂರಿಗೆ ಹೋಗುವಾಗ ಮಾತ್ರ ಉಳಿಯುವ ಡೀಸೆಲ್

ಗಾಳಿಯ ಹೆಸರಿನಲ್ಲಿ ವ್ಯಾಪಾರ ನಡೆದರೆ ಅದನ್ನು ವಿಚಾರಿಸುವ ಹೊಣೆ ಯಾವ ಕುರ್ಚಿಗೆ ಸೇರಿದೆಯೋ, ಆ ಕುರ್ಚಿಯಲ್ಲಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮಣ್ಣನ ಗಾಡಿಯ ಮೂಗಿನೊಳಗೆ ಯಾರೋ ಫ್ಯಾನು ಸಿಕ್ಕಿಸಿ ಹೋಗಿದ್ದಾರೆ. ಅದನ್ನು ತೆಗೆಸಿಕೊಡಿ. ದೂರು ಇಷ್ಟೇ. ಉಳಿದದ್ದನ್ನು ಬಿಡುವಿದ್ದರೆ ಓದಿ. ಬಿಡುವು ತಮಗಿದೆ ಎಂಬುದನ್ನು ನಾಲ್ಕಾರು ಕಚೇರಿಗಳ ಬೆಂಚಿನ ಮೇಲೆ ಕುಳಿತು ಕಣ್ಣಾರೆ ಕಂಡಿದ್ದೇನೆ.

ಫ್ಯಾನಿನ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಪುಕ್ಕಟೆ ಜಾಹೀರಾತು. ಅಂಗೈಯಗಲದ ತಗಡಿನ ಬಳೆ, ಅದರೊಳಗೆ ಪುಟ್ಟ ಪುಟ್ಟ ರೆಕ್ಕೆ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಪೈಪಿನಲ್ಲಿ ಇದನ್ನು ಕೂರಿಸಿದರೆ ಗಾಳಿ ಸುಳಿಸುಳಿಯಾಗಿ ಒಳಹೊಕ್ಕು, ಡೀಸೆಲ್ಲು ಚೆನ್ನಾಗಿ ಉರಿದು, ಮೈಲೇಜು ಕಾಲು ಪಾಲು ಏರುತ್ತದಂತೆ. ಜೊತೆಗೆ, ಗಾಡಿ ತಯಾರಿಸಿದ ಕಂಪನಿಯೇ ಹಾಕಿದ ಕಾಗದದ ಫಿಲ್ಟರ್ ಗಾಡಿಯ ಉಸಿರು ಕಟ್ಟಿಸುತ್ತದೆ ಎಂದು ಅದನ್ನು ಕಿತ್ತು, ಕೆಂಪು ಬಣ್ಣದ ಜಾಳು ಸ್ಪಂಜಿನ ಟೋಪಿಯೊಂದನ್ನು ತೊಡಿಸುತ್ತಾರೆ. ಟೋಪಿ ಮೊದಲು ಗಾಡಿಗೆ, ಆಮೇಲೆ ಮಾಲೀಕನಿಗೆ.

ಮಾರುವವನು ಜಾಣ. ಬಂದದ್ದು ಆಷಾಢದಲ್ಲಿ. ನಿಂತದ್ದು ನಮ್ಮ ಚಿತ್ರದುರ್ಗದ ಬೈಪಾಸಿನ ಟೀ ಅಂಗಡಿಯ ಮುಂದೆ, ಅಲ್ಲಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ಅವುಗಳ ಕಡೆ ಕೈ ತೋರಿಸಿ, ಅಷ್ಟು ದೊಡ್ಡ ರೆಕ್ಕೆ ಊರಿಗೆಲ್ಲ ಕರೆಂಟು ಕೊಡುವಾಗ ಇಷ್ಟು ಸಣ್ಣ ರೆಕ್ಕೆ ನಿಮ್ಮ ಗಾಡಿಗೆ ಚೂರು ಡೀಸೆಲ್ಲು ಉಳಿಸಿಕೊಡುವುದಿಲ್ಲವೇ ಎಂದು ಕೇಳಿದ. ಬೇರೆ ಊರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ನಾವು ಆ ರೆಕ್ಕೆ ತಿರುಗುವುದನ್ನು ನೋಡುತ್ತಲೇ ಹಲ್ಲುಜ್ಜುವ ಜನ. ನಂಬಿದೆವು. 'ನಂಬಿದೆವು' ಎಂಬುದರಲ್ಲಿ ನಾನಿಲ್ಲ. ನಮ್ಮಣ್ಣ ದುರ್ಗೇಶ್ ಇದ್ದಾನೆ, ಮತ್ತು ನಮ್ಮವ್ವ ಹುಲಿಗೆಮ್ಮ ಇದ್ದಾಳೆ.

ಅಣ್ಣನದು ಸಣ್ಣ ಲಗೇಜ್ ಗಾಡಿ. ಹೊಸದುರ್ಗದ ಕಡೆಯ ಹಟ್ಟಿಗಳಿಂದ, ಹೊಳಲ್ಕೆರೆಯ ಆಚೆಯಿಂದ ಕುರಿ ಹೇರಿಕೊಂಡು ಹಿರಿಯೂರಿನ ಸಂತೆಗೆ ಸಾಗಿಸುತ್ತಾನೆ. ಫ್ಯಾನು ಹಾಕಿಸಿದ ದಿನ ಅವ್ವ ಗಾಡಿಗೆ ಕುಂಕುಮವಿಟ್ಟು, "ಮೂಗು ಚುಚ್ಚಿಸಿದ್ಮ್ಯಾಲೆ ಕಳೆ ಬಂತು ಬಿಡು" ಅಂದಳು. ನಾನು ಹೊಳಲ್ಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟದ ಹೊತ್ತಿಗೆ ಮರೆತುಹೋಗುವ ಅತಿಥಿ. ಆದರೂ ಮನೆಯಲ್ಲಿ ಪಾಠ ಮಾಡಿದೆ. ಗುಡ್ಡದ ರೆಕ್ಕೆಯನ್ನು ತಿರುಗಿಸುವುದು ಬಯಲಿನ ಗಾಳಿ, ಪೈಪಿನ ರೆಕ್ಕೆಯನ್ನು ತಿರುಗಿಸುವುದು ಎಂಜಿನ್ನಿನದೇ ಉಸಿರು. ಎಳನೀರಿನ ಸ್ಟ್ರಾದೊಳಗೆ ಚಕ್ರ ಕೂರಿಸಿ ಹೀರಿದರೆ ನೀರು ಹೆಚ್ಚು ಬರುತ್ತದೆಯೇ, ಕೆನ್ನೆ ನೋಯುತ್ತದೆಯೇ? ಡೀಸೆಲ್ ಎಂಜಿನ್ನು ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಕುಡಿಯುವ ಪ್ರಾಣಿ. ಈಗಿನ ಗಾಡಿಗಳಲ್ಲಂತೂ ಡೀಸೆಲ್ಲನ್ನು ಅಳೆದು ಬಿಡುವ ಪುಟ್ಟ ಕಂಪ್ಯೂಟರೇ ಕುಳಿತಿರುತ್ತದೆ. ಅದು ತಗಡಿನ ಬಳೆಯ ಮಾತಿಗೆಲ್ಲ ಬಗ್ಗುವುದಿಲ್ಲ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. "ನೀನು ಗಾಳಿನ ಬೋರ್ಡ್ ಮ್ಯಾಲೆ ಬರೀತೀಯ, ನಾನು ಗಾಳಿ ಒಳಗೇ ಗಾಡಿ ಓಡಿಸ್ತೀನಿ. ಸುಮ್ನಿರು ತಾಯಿ" ಅಂದ.

ಅವನ ಕೈಯಲ್ಲಿ ಪುರಾವೆಯೂ ಇತ್ತು. ದುರ್ಗದಲ್ಲಿ ಟ್ಯಾಂಕು ತುಂಬಿಸಿ, ಹಿರಿಯೂರಿನಲ್ಲಿ ಮತ್ತೆ ತುಂಬಿಸಿ ನೋಡಿದರೆ ಲೀಟರಿಗೆ ಇಪ್ಪತ್ಮೂರು. ಮುಂಚೆ ಹದಿನೆಂಟು. ಬಂಕಿನವರೆಲ್ಲ ಬಂದು ಗಾಡಿಯ ಮೂಗು ಮುಟ್ಟಿ ನೋಡಿದರಂತೆ.

ಇಲ್ಲಿ ತಮಗೊಂದು ಸಂಗತಿ ತಿಳಿದಿರಬೇಕು. ನಮ್ಮ ಬಾಡಿಗೆ ಗಾಡಿಯವರ ಭಾಷೆಯಲ್ಲಿ ಲೋಡು ಹೊತ್ತು ಹೋಗುವುದಷ್ಟೇ ಟ್ರಿಪ್ಪು. ಖಾಲಿ ಬರುವುದಕ್ಕೆ ಹೆಸರಿಲ್ಲ, ಅದು ಸುಮ್ಮನೆ 'ಬರೋದು'. ಬಾಡಿಗೆ ಹುಟ್ಟದ ದಾರಿ ಅವರ ಮಟ್ಟಿಗೆ ದಾರಿಯೇ ಅಲ್ಲ. ಹಾಗಾಗಿ ಫ್ಯಾನಿನ ಪರೀಕ್ಷೆ ಮಾಡಿದವರೆಲ್ಲ ಹೋದದ್ದನ್ನು ಅಳೆದರು, ಬಂದದ್ದನ್ನು ಬಿಟ್ಟರು. ದುರ್ಗದಿಂದ ಹಿರಿಯೂರಿಗೆ ನೆಲ ಇಳಿಜಾರು, ಆಷಾಢದ ಪಡುವಣ ಗಾಳಿ ಬೆನ್ನಿಗೆ. ಹಳೆಯ ಹದಿನೆಂಟಾದರೋ ತಿಂಗಳುಗಟ್ಟಲೆ ಹೋಗಿ ಬಂದದ್ದರ ಸರಾಸರಿ. ಅರ್ಧ ದಾರಿಯನ್ನು ಇಡೀ ದಾರಿಯ ಪಕ್ಕ ನಿಲ್ಲಿಸಿ ಎತ್ತರ ನೋಡಿದರೆ ಯಾವ ತಗಡು ತಾನೇ ಗೆಲ್ಲುವುದಿಲ್ಲ?

ಒಂದು ಭಾನುವಾರ ನಾನೇ ಗಾಡಿ ಹತ್ತಿದೆ. ಕುರಿಗಳ ಯಜಮಾನ ಬೋರಪ್ಪನವರು ಜೊತೆಗಿದ್ದರು. ಹೋಗುವಾಗ ಅದೇ ಇಪ್ಪತ್ಮೂರು. ಅಣ್ಣ ನನ್ನ ಕಡೆ ನೋಡಿ ಹಾಡು ಜೋರು ಮಾಡಿದ. ವಾಪಸ್ ಬಂದು ದುರ್ಗ ಮುಟ್ಟಿದ ಮೇಲೆ ನಾನು ಹಟ ಹಿಡಿದು ಮತ್ತೆ ಟ್ಯಾಂಕು ತುಂಬಿಸಿದೆ. ಹದಿನೈದು. ಒಟ್ಟು ದೂರವನ್ನು ಒಟ್ಟು ಡೀಸೆಲ್ಲಿನಿಂದ ಭಾಗಿಸಿದರೆ ಅದೇ ಹಳೆಯ ಹದಿನೆಂಟು, ಕೂದಲೆಳೆ ಆಚೀಚೆ. ಮಾರಾಟವಾಗದೆ ಉಳಿದ ಟಗರೊಂದು ಹಿಂದೆ ನಿಂತಿತ್ತು. ಬೋರಪ್ಪನವರು ಅದನ್ನೇ ಸಾಕ್ಷಿಗೆ ಕರೆದರು: "ಹೋಗುವಾಗ ಕತ್ತೆತ್ತಿ ಲೋಕ ನೋಡ್ತಿತ್ತು. ಬರುವಾಗ ಕಣ್ಣೇ ಬಿಡ್ಲಿಲ್ಲ. ಅಂಥ ಗಾಳಿ ಐತೆ, ಏನ್ ಮಾಡೀಯ?"

ಅಣ್ಣ ತೀರ್ಪು ಕೊಟ್ಟ. "ಹಂಗಾರೆ ತಪ್ಪು ಗಾಳೀದು. ಫ್ಯಾನಿಂದಲ್ಲ."

ಮಾನ್ಯರೇ, ಡೀಸೆಲ್ಲು ಉಳಿಯದಿದ್ದರೆ ಹಾಳಾಗಿ ಹೋಗಲಿ, ನಮ್ಮ ಹೊಟ್ಟೆ ಉರಿದಷ್ಟು ಚೆನ್ನಾಗಿ ಅದೂ ಉರಿಯದಿರಲಿ. ನನ್ನ ಭಯ ಆ ಕೆಂಪು ಟೋಪಿಯದು. ಹಟ್ಟಿಯ ದಾರಿಗಳಲ್ಲಿ ಮುಂದೊಂದು ಗಾಡಿ ಹೋದರೆ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಅಷ್ಟು ಧೂಳು. ಮೊನ್ನೆ ಪೈಪು ಬಿಚ್ಚಿ, ಸ್ಪಂಜು ದಾಟಿದ ಮೇಲಿನ ಒಳಮೈಯನ್ನು ನನ್ನ ಬಿಳಿ ಕರ್ಚೀಫಿನಿಂದ ಒರೆಸಿದೆ. ಕರ್ಚೀಫು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕಾಗದದ ಫಿಲ್ಟರ್ ತಡೆಯುತ್ತಿದ್ದ ಮಣ್ಣು ಈಗ ನೇರ ಎಂಜಿನ್ನಿನ ಎದೆಗೆ ಇಳಿಯುತ್ತಿದೆ, ಉಜ್ಜುಕಾಗದದ ಹಾಗೆ ಒಳಗೊಳಗೇ ತೇಯುತ್ತಿದೆ. ಬೆಳಿಗ್ಗೆ ಸ್ಟಾರ್ಟು ಮಾಡಿದಾಗ ಹೊಗೆ ನೀಲಿಯಾಗಿದೆ, ಎಂದರೆ ಎಂಜಿನ್ನು ಸವೆದು ಡೀಸೆಲ್ಲಿನ ಜೊತೆ ಆಯಿಲ್ಲೂ ಉರಿಯುತ್ತಿದೆ. ಅಣ್ಣನಿಗೆ ತೋರಿಸಿದರೆ ಅದು 'ಪಿಕಪ್' ಅನ್ನುತ್ತಾನೆ.

ಹಾಗೆಂದೇ ಕಚೇರಿ ಹತ್ತಿದೆ. ಒಂದರಲ್ಲಿ, ಗಾಡಿ ನಮ್ಮದು, ಗಾಳಿ ನಮ್ಮದಲ್ಲ ಎಂದರು. ಇನ್ನೊಂದರಲ್ಲಿ, ತೂಕದಲ್ಲಿ ಮೋಸವಾದರೆ ಬನ್ನಿ, ಇದನ್ನು ತೂಗಿ ಅಲ್ಲ, ಎಣಿಸಿ ಮಾರುತ್ತಾರಲ್ಲ ಎಂದರು. ಮತ್ತೊಂದರಲ್ಲಿ, ಹೊಗೆ ಕಪ್ಪಾದ ಮೇಲೆ ನೋಡೋಣ ಎಂದರು. ನೀಲಿಗೆ ಅವರಲ್ಲಿ ಅವಕಾಶವಿಲ್ಲ. ಹೀಗೆ ಅಲೆದೂ ಅಲೆದು ನಾನೇ ಪೈಪಿನೊಳಗಿನ ಗಾಳಿಯಂತಾದೆ: ಸುತ್ತಿದ್ದು ಬಹಳ, ಉಳಿಸಿದ್ದು ಏನೂ ಇಲ್ಲ.

ನನ್ನ ಮಾತು ಸಾಲದೆ ತಮ್ಮ ಮಾತೇ ಯಾಕೆ ಬೇಕು ಎಂದು ತಾವು ಕೇಳಬಹುದು. ಅಣ್ಣನೇ ಷರತ್ತು ಹಾಕಿದ್ದಾನೆ. "ತಂಗಿ ಹೇಳಿದ್ರೆ ಅದು ಮಾತು. ಸರ್ಕಾರ ಸೀಲ್ ಒತ್ತಿ ಸುಳ್ಳು ಅಂತ ಕೊಡ್ಲಿ, ಅವತ್ತೇ ಕಿತ್ತಾಕ್ತೀನಿ." ಅವನು ಹಟಮಾರಿ, ಮಾತು ತಪ್ಪುವವನಲ್ಲ. ನಾನು ಪಿಯುಸಿ ಮುಗಿಸಿದ ವರ್ಷ ಓದಿಸ್ತೀನಿ ಅಂದಿದ್ದ, ಎಂ.ಎಸ್ಸಿ.ವರೆಗೆ ಓದಿಸಿದ, ಇದೇ ಗಾಡಿ ಓಡಿಸಿ. ನನ್ನ ತಲೆಯೊಳಗಿನ ಭೌತಶಾಸ್ತ್ರವೆಲ್ಲ ಆ ಎಂಜಿನ್ನಿನ ದುಡಿಮೆ. ಇವತ್ತು ಅದೇ ಎಂಜಿನ್ನು ಮಣ್ಣು ತಿನ್ನುತ್ತಿರುವಾಗ ನನ್ನ ಓದೆಲ್ಲ ಸೇರಿ ಅದಕ್ಕೊಂದು ಕಾಗದದ ಫಿಲ್ಟರ್ ಕೊಡಿಸಲು ಆಗುತ್ತಿಲ್ಲ. ಎಂಜಿನ್ನು ಸತ್ತರೆ ಗಾಡಿ ಗುಜರಿಗೆ. ಅಣ್ಣ ಮತ್ತೆ ಯಾರದೋ ಲಾರಿಗೆ ಕ್ಲೀನರು. ಅಲ್ಲಿ ಅವನಿಗೆ ಹೋಗುವುದೂ ಟ್ರಿಪ್ಪಲ್ಲ, ಬರುವುದೂ ಅಲ್ಲ.

ಆದ್ದರಿಂದ ಬೇಡಿಕೆ ಹೀಗಿದೆ. ತಾವು ದುರ್ಗಕ್ಕೆ ಬನ್ನಿ. ಹತ್ತಿರದ ಬಂಕಿನಲ್ಲಿ ಟ್ಯಾಂಕು ತುಂಬಿಸೋಣ. ಮುಂದಿನ ಸೀಟು ತಮ್ಮದು, ಟಗರಿನ ಪಕ್ಕ ನಾನು ನಿಲ್ಲುತ್ತೇನೆ. ಫ್ಯಾನಿಟ್ಟು ಒಮ್ಮೆ, ಕಿತ್ತು ಒಮ್ಮೆ ಹಿರಿಯೂರಿಗೆ ಹೋಗಿ ಬರೋಣ. ಬಂದ ಲೆಕ್ಕವನ್ನು ಸೀಲು ಒತ್ತಿ ಕೊಡಿ, ಆ ಮಾರಾಟಗಾರ ನಿಂತ ಟೀ ಅಂಗಡಿಯ ಗೋಡೆಗೂ ಒಂದು ಪ್ರತಿ ಅಂಟಿಸಿ. ಅವನು ಈಗ ಹೊಸದುರ್ಗದ ಕಡೆ ಹೊರಟಿದ್ದಾನಂತೆ, ಹಾಗಾಗಿ ಬೇಗ ಬನ್ನಿ. ಒಂದೇ ಒಂದು ವಿನಂತಿ: ಹಿರಿಯೂರು ಮುಟ್ಟಿದೊಡನೆ ಕೆಲಸ ಮುಗಿಯಿತೆಂದು ಅಲ್ಲೇ ಬಸ್ಸು ಹತ್ತಬೇಡಿ. ನಿಜ ಇರುವುದು ವಾಪಸ್ ಬರುವ ದಾರಿಯಲ್ಲಿ.

ಇಂತಿ,
ಊರ ಮಕ್ಕಳಿಗೆಲ್ಲ ಗಾಳಿಯ ಪಾಠ ಹೇಳಿ, ಮನೆಯಲ್ಲಿ ಮಾತ್ರ ಗಾಳಿಗೆ ಹೇಳಿದವಳು,
ನಾಗಶ್ರೀ
ಚಿತ್ರದುರ್ಗ